ನಾಲ್ಕು ಎಂದು ಬರೆದಿದ್ದೆ

ಎರಡೂವರೆ ವರ್ಷದ ಆ ಹೆಣ್ಣುಮಗುವಿನ ಹೊಟ್ಟೆಯ ಬಲಭಾಗ ಕಲ್ಲಿನಷ್ಟು ಗಟ್ಟಿಯಾಗಿತ್ತು. ಪಕ್ಕೆಲುಬಿನ ಕೆಳಗೆ ಬೆರಳು ಇಳಿಸಲು ಜಾಗವೇ ಇರಲಿಲ್ಲ. ನಾನು ಮೆಲ್ಲಗೆ ಒತ್ತಿದ ಕೂಡಲೇ ಮಗು ನನ್ನ ಕೈ ಕಚ್ಚಿತು. ಅಪ್ಪ ಅದರ ಗಲ್ಲಕ್ಕೆ ಫಟ್ಟನೆ ಒಂದು ಏಟು ಹಾಕಿದ. ಹಾಕಿದವನೇ ಮಗುವನ್ನು ಎತ್ತಿ ಎದೆಗೊತ್ತಿಕೊಂಡು ಗೋಡೆಯ ಕಡೆ ತಿರುಗಿ ನಿಂತ. ಅವನ ಹೆಗಲು ಅಲುಗುತ್ತಿತ್ತು.

ಅವನು ಸುರಪುರದ ಒಂದು ವರ್ಕ್‌ಶಾಪಿನಲ್ಲಿ ಟ್ರ್ಯಾಕ್ಟರ್ ಟ್ರೇಲರ್‌ಗಳಿಗೆ ವೆಲ್ಡಿಂಗ್ ಮಾಡುವವನು. ಊರು ದೇವಾಪುರ. ಮುಂಗೈ ತುಂಬ ಕಿಡಿ ಬಿದ್ದು ಸುಟ್ಟ ಕಪ್ಪು ಚುಕ್ಕೆಗಳು. ಶಹಾಪುರದ ಮಕ್ಕಳ ವೈದ್ಯರು ಮಗುವನ್ನು ನೋಡಿ, ಯಕೃತ್ತಿನಲ್ಲಿ ಗೆಡ್ಡೆ ಇರಬಹುದೆಂದು ಚೀಟಿ ಬರೆದು, ಯಾದಗಿರಿಯಲ್ಲಿ ನಾನು ಕೆಲಸ ಮಾಡುವ ಸ್ಕ್ಯಾನ್ ಸೆಂಟರಿಗೆ ಕಳಿಸಿದ್ದರು. ನಾನು ರೇಡಿಯಾಲಜಿಸ್ಟ್. ಯಂತ್ರ ತೆಗೆದ ಚಿತ್ರಗಳನ್ನು ಓದಿ ಬರೆದುಕೊಡುವುದು ನನ್ನ ಕೆಲಸ. ಮಗುವಿನ ಜೊತೆ ಅಪ್ಪ, ಅವ್ವ, ದೊಡ್ಡಪ್ಪ ಸೇರಿ ಒಂದು ಕ್ರೂಸರ್ ಜೀಪಿನ ತುಂಬ ಜನ ಬಂದಿದ್ದರು.

ಅಷ್ಟು ಸಣ್ಣ ಮಗು ಸಿ.ಟಿ. ಯಂತ್ರದೊಳಗೆ ಅಲುಗದೆ ಮಲಗುವುದಿಲ್ಲ. ಅರಿವಳಿಕೆ ವೈದ್ಯರು ಬಂದು ನಿದ್ದೆಯ ಔಷಧಿ ಕೊಟ್ಟರು. ನಮ್ಮ ಟೆಕ್ನಿಷಿಯನ್ ಮಗುವಿನ ಕೈಗೆ ಸೂಜಿ ಕಟ್ಟಿ, ರಕ್ತನಾಳಗಳು ಬೆಳ್ಳಗೆ ಕಾಣುವ ಔಷಧಿ ಬಿಟ್ಟ. ಶಹಾಪುರದವನು, ಮೂವತ್ತು ದಾಟಿದವನು. ಮನೆಯಲ್ಲಿ ಉರ್ದು, ನಮ್ಮೊಡನೆ ಕನ್ನಡ. ಒಂಬತ್ತು ವರ್ಷ ನನ್ನ ಜೊತೆ ಕೆಲಸ ಮಾಡಿದ್ದ. ಮಕ್ಕಳ ಎಳೆಯ ನರಕ್ಕೆ ಒಂದೇ ಸಲಕ್ಕೆ ಸೂಜಿ ಹಾಕುವುದರಲ್ಲಿ ಅವನಂಥವನನ್ನು ನಾನು ನೋಡಿಲ್ಲ. ಅಂದೂ ಒಂದೇ ಸಲಕ್ಕೆ ಹಾಕಿದ.

ಚಿತ್ರಗಳು ಪರದೆಯ ಮೇಲೆ ಬಂದವು. ಬಲದಿಂದ ಎದ್ದ ಗೆಡ್ಡೆ ಹೊಟ್ಟೆಯ ಮುಕ್ಕಾಲು ಭಾಗ ನುಂಗಿತ್ತು. ಬಲ ಮೂತ್ರಪಿಂಡವನ್ನು ಕೆಳಕ್ಕೆ ತಳ್ಳಿತ್ತು, ಜಠರವನ್ನು ಎಡಗಡೆಗೆ ಹಿಂಡಿತ್ತು. ಅಲ್ಲಲ್ಲಿ ಸುಣ್ಣದ ಚೂರುಗಳು, ನಡುವೆ ಸತ್ತ ಮಾಂಸದ ಕಪ್ಪು ಹೊಂಡಗಳು. ಈ ವಯಸ್ಸಿನಲ್ಲಿ, ಈ ರೂಪದಲ್ಲಿ, ಇದು ಹೆಪಟೋಬ್ಲಾಸ್ಟೋಮಾ ಎನ್ನುವುದು ಬಹುಮಟ್ಟಿಗೆ ಖಚಿತ. ದೊಡ್ಡವರ ಯಕೃತ್ತಿನ ಕ್ಯಾನ್ಸರೇ ಬೇರೆ, ಇದೇ ಬೇರೆ. ತಾಯಿಯ ಹೊಟ್ಟೆಯಲ್ಲಿ ಯಕೃತ್ತು ಕಟ್ಟುವಾಗಿನ ಕೋಶಗಳು ಬೆಳೆಯದೆ ಉಳಿದು, ಹುಟ್ಟಿದ ಮೇಲೆ ಹುಚ್ಚೆದ್ದು ಬೆಳೆಯುವ ಕ್ಯಾನ್ಸರ್ ಇದು.

ಇದನ್ನು ಅಳೆಯಲು ಒಂದು ಪದ್ಧತಿ ಇದೆ. ಯಕೃತ್ತನ್ನು ಎಡದಿಂದ ಬಲಕ್ಕೆ ನಾಲ್ಕು ಭಾಗವಾಗಿ ನೋಡುತ್ತೇವೆ. ಹೊಲಕ್ಕೆ ಬದು ಇದ್ದಂತೆ ಈ ಭಾಗಗಳಿಗೆ ದೊಡ್ಡ ರಕ್ತನಾಳಗಳೇ ಗಡಿ. ಗೆಡ್ಡೆ ಒಂದು ಬದಿಯ ಭಾಗದಲ್ಲಿ ಮಾತ್ರ ಇದ್ದರೆ ಒಂದನೇ ಗುಂಪು. ಒಂದೇ ಒಂದು ಭಾಗ ಸ್ವಚ್ಛವಾಗಿ ಉಳಿದಿದ್ದರೆ ಸಾಮಾನ್ಯವಾಗಿ ಮೂರು. ನಾಲ್ಕರಲ್ಲೂ ಗೆಡ್ಡೆ ಇದ್ದರೆ ನಾಲ್ಕು. ಸಂಖ್ಯೆಯ ಮುಂದೆ ಕೆಲವು ಅಕ್ಷರಗಳನ್ನೂ ಬರೆಯುತ್ತೇವೆ: ಗೆಡ್ಡೆ ದೊಡ್ಡ ರಕ್ತನಾಳಕ್ಕೆ ನುಗ್ಗಿದ್ದರೆ ಒಂದು, ಒಡೆದಿದ್ದರೆ ಒಂದು, ಶ್ವಾಸಕೋಶಕ್ಕೆ ಹರಡಿದ್ದರೆ ಒಂದು. ಇದೆಲ್ಲ ಚಿಕಿತ್ಸೆ ಶುರುವಾಗುವ ಮೊದಲಿನ ನಕ್ಷೆ. ಜನರ ಬಾಯಲ್ಲಿರುವ ‘ಸ್ಟೇಜ್’ ಇದಲ್ಲ. ಆ ಲೆಕ್ಕದಲ್ಲಿ ನಾಲ್ಕು ಎಂದರೆ ರೋಗ ಮೈಯೆಲ್ಲ ಹರಡಿದೆ ಎಂದರ್ಥ. ನಮ್ಮ ನಕ್ಷೆಯಲ್ಲಿ ನಾಲ್ಕು ಎಂದರೆ ಈಗಲೇ ಕತ್ತರಿಸಿ ತೆಗೆಯಲು ಬರುವುದಿಲ್ಲ ಎಂದಷ್ಟೇ. ಔಷಧಿಯಿಂದ ಕುಗ್ಗಿಸುವ ದಾರಿ ಇದೆ, ಯಕೃತ್ತು ಬದಲಿಸುವ ದಾರಿ ಇದೆ.

ಇದೆಲ್ಲ ನನಗೆ ಗೊತ್ತಿತ್ತು. ಹೊರಗೆ ಇನ್ನೂ ಐದು ಜನ ಕಾಯುತ್ತಿದ್ದರು. ಚಿತ್ರಗಳನ್ನು ಐದು ಮಿಲಿಮೀಟರ್ ದಪ್ಪದ ಸೀಳುಗಳಲ್ಲಿ ಮೇಲಿಂದ ಕೆಳಗೆ ಎರಡು ಸಲ ಓಡಿಸಿದೆ. ಎಡತುದಿಯ ಭಾಗ ಕಾಣಲಿಲ್ಲ. ಅದರ ಗಡಿಯ ರಕ್ತನಾಳವೂ ಕಾಣಲಿಲ್ಲ. ಗೆಡ್ಡೆ ಅದನ್ನೂ ತಿಂದಿದೆ ಎಂದುಕೊಂಡೆ. ಗುಂಪು ನಾಲ್ಕು ಎಂದು ಬರೆದೆ.

ಅಷ್ಟರಲ್ಲಿ ಅಪ್ಪ ಒಳಗೆ ಬಂದ.

“ಎಷ್ಟನೇ ಸ್ಟೇಜ್ ಅದರಿ, ಮೇಡಮ್‌ರ?”

ನನ್ನ ಕಣ್ಣು ಪರದೆಯ ಮೇಲೆಯೇ ಇತ್ತು. “ನಾಲ್ಕು,” ಎಂದೆ.

“ನಾಕು ಅಂದ್ರ ಮುಗೀತಲ್ರಿ. ನಮ್ಮಪ್ಪಗ ಬಾಯಿ ಕ್ಯಾನ್ಸರ್ ಆಗಿತ್ತು. ನಾಕನೇ ಸ್ಟೇಜ್ ಅಂದ್ರು, ಒಂದು ತಿಂಗಳ್ದಾಗ ಹೋದ.”

“ಇದು ಬ್ಯಾರೆ ಲೆಕ್ಕ. ನಿಮ್ಮ ಡಾಕ್ಟ್ರು ಬಿಡಿಸಿ ಹೇಳ್ತಾರ,” ಎಂದೆ. ಅಷ್ಟೇ ಹೇಳಿದ್ದು. ಕುರ್ಚಿ ತಿರುಗಿಸಿ ಅವನ ಮುಖ ನೋಡಲಿಲ್ಲ.

ಅವನು ಹೊರಗೆ ಹೋದ. ಹೊರಗಿನ ಬೆಂಚಿನ ಮೇಲೆ ಅವ್ವ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಔಷಧಿಯ ನಿದ್ದೆ ಇನ್ನೂ ಇಳಿದಿರಲಿಲ್ಲ. ಗಂಡ ಹೇಳಿದ್ದನ್ನು ಕೇಳಿ ಅವಳು ಮಗುವನ್ನು ಹಿಡಿದು ಅಲುಗಿಸಿದಳು. ಮಗು ಕಣ್ಣು ಬಿಡಲಿಲ್ಲ, ಕತ್ತು ಹಿಂದಕ್ಕೆ ಜೋತುಬಿತ್ತು. ಜೊತೆಗೆ ಬಂದಿದ್ದ ಒಬ್ಬ ಹೆಂಗಸು ಎದೆ ಬಡಿದುಕೊಂಡು, “ಕೂಸು ಹೋತವ್ವೋ, ಇಂಜಕ್ಷನ್ ಕೊಟ್ಟು ಕೊಂದ್ರು” ಎಂದು ಕೂಗಿದಳು.

ಆಮೇಲೆ ನಡೆದದ್ದು ಎರಡು ಮೂರು ನಿಮಿಷದ ಮಾತು. ಸಲೈನ್ ಬಾಟಲಿ ತೂಗುಹಾಕುವ ಕಬ್ಬಿಣದ ಸ್ಟ್ಯಾಂಡನ್ನು ಅಪ್ಪ ಎರಡೂ ಕೈಯಲ್ಲಿ ಹಿಡಿದು ಒಳಗೆ ನುಗ್ಗಿದ. ಮೊದಲ ಏಟಿಗೆ ಪರದೆ ಒಡೆದು ಮೇಜಿನ ಹಿಂದಕ್ಕೆ ಬಿತ್ತು. ಎರಡನೆಯದು ನನ್ನ ತಲೆಗೆ ಬರುತ್ತಿತ್ತು, ಕೈ ಅಡ್ಡ ಹಿಡಿದೆ. ಒಣ ಕಟ್ಟಿಗೆ ಮುರಿದಂಥ ಸದ್ದು ಕೇಳಿತು. ಅದು ನನ್ನ ಮಣಿಕಟ್ಟು ಎಂದು ತಿಳಿದದ್ದು ಆಮೇಲೆ. ಮಗುವಿನ ದೊಡ್ಡಪ್ಪ ಕಪಾಟು ಕೆಡವಿದ. ಯಾರೋ ನನ್ನ ಕೂದಲು ಹಿಡಿದು ನೆಲಕ್ಕೆ ಎಳೆದರು. ಬೆನ್ನಿಗೆ ಒದೆ ಬಿತ್ತು, ಮತ್ತೊಂದು ಬಿತ್ತು. ಬಾಯಲ್ಲಿ ರಕ್ತದ ರುಚಿ.

ಗಾಜಿನ ಬಾಗಿಲು ನೂಕಿಕೊಂಡು ಟೆಕ್ನಿಷಿಯನ್ ಓಡಿ ಬಂದ. “ಕೂಸು ಜೀವಂತ ಅದರಿ, ನಿದ್ದಿ ಔಷಧ ಅದು, ಸ್ವಲ್ಪ ತಡೀರಿ,” ಎನ್ನುತ್ತಿದ್ದ. ಅಪ್ಪ ಅವನತ್ತ ಸ್ಟ್ಯಾಂಡ್ ಬೀಸಿದ. ಅವನು ಬಗ್ಗಿದ. ಸ್ಟ್ಯಾಂಡ್ ಬಾಗಿಲಿಗೆ ಬಡಿದು ಗಾಜು ಸಿಡಿಯಿತು. ಟೆಕ್ನಿಷಿಯನ್ “ಅಮ್ಮೀ” ಎಂದು ನೆಲಕ್ಕೆ ಕುಸಿದು ಎಡಗಣ್ಣು ಮುಚ್ಚಿಕೊಂಡ. ಬೆರಳ ಸಂದಿಯಿಂದ ರಕ್ತ ಇಳಿಯಿತು, ರಕ್ತದ ಜೊತೆ ಮೊಟ್ಟೆಯ ಬಿಳಿಯಂಥ ತಿಳಿಯಾದ ಲೋಳೆಯೂ ಇಳಿಯಿತು. ಅದು ಕಣ್ಣಿನ ಒಳಗಿನದೆಂದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಆ ಗದ್ದಲಕ್ಕೆ ಮಗು ಎಚ್ಚರವಾಗಿ ದೊಡ್ಡ ದನಿಯಲ್ಲಿ ಅಳತೊಡಗಿತು. ಎಲ್ಲರೂ ಒಮ್ಮೆಲೇ ನಿಂತರು. ಅಪ್ಪನ ಕೈಯಿಂದ ಸ್ಟ್ಯಾಂಡ್ ಬಿತ್ತು. ಮಗುವಿನ ಕೈಯ ಸೂಜಿಯನ್ನೂ ಬಿಚ್ಚಿಸದೆ ಎತ್ತಿಕೊಂಡು ಓಡಿದರು.

ಅಪ್ಪನನ್ನು ಪೊಲೀಸರು ಅಂದೇ ಸುರಪುರದಲ್ಲಿ ಹಿಡಿದರು. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆಗೆ ಸುಲಭದಲ್ಲಿ ಜಾಮೀನಿಲ್ಲ. ನ್ಯಾಯಾಂಗ ಬಂಧನಕ್ಕೆ ಹೋದ. ಟೆಕ್ನಿಷಿಯನ್‌ನನ್ನು ಕಲಬುರಗಿಗೆ ಒಯ್ದರು. ಕಣ್ಣು ಉಳಿಸಲು ಒಮ್ಮೆ ಹೊಲಿದು ನೋಡಿದರು, ಆಗಲಿಲ್ಲ. ಮೂರನೇ ದಿನ ತೆಗೆದುಹಾಕಿದರು.

ನಾಲ್ಕನೇ ದಿನ ತನಿಖಾಧಿಕಾರಿ ನನ್ನಿಂದ ಲಿಖಿತ ಹೇಳಿಕೆಯನ್ನೂ ಸ್ಕ್ಯಾನಿನ ಪ್ರತಿಯನ್ನೂ ಕೇಳಿದರು. ಪರದೆ ಒಡೆದಿದ್ದರೂ ಚಿತ್ರಗಳು ಸರ್ವರಿನಲ್ಲಿ ಸುರಕ್ಷಿತವಾಗಿದ್ದವು. ಬಲಗೈಗೆ ಪ್ಲಾಸ್ಟರ್. ಎಡಗೈಯಿಂದ ಒಂದೊಂದೇ ಅಕ್ಷರ ಒತ್ತುತ್ತ, ‘ನನ್ನ ವರದಿ ಸಂಪೂರ್ಣ ಸರಿಯಾಗಿದ್ದು, ಯಾವುದೇ ಪ್ರಚೋದನೆ ಇಲ್ಲದೆ’ ಎನ್ನುವವರೆಗೆ ಬರೆದಿದ್ದೆ. ಮೈಯೆಲ್ಲ ಸಿಟ್ಟಿತ್ತು. ಅವನು ಜೈಲಿನಲ್ಲೇ ಕೊಳೆಯಲಿ ಎಂದು ಮನಸಾರೆ ಬಯಸಿದ್ದೆ. ವರದಿ ಎಷ್ಟು ಸರಿ ಎಂದು ತೋರಿಸಲು ಒಂದೆರಡು ಚಿತ್ರ ಲಗತ್ತಿಸೋಣ ಎಂದು ಮಗುವಿನ ಫೈಲು ತೆರೆದೆ.

ಈ ಸಲ ಯಾರೂ ಕಾಯುತ್ತಿರಲಿಲ್ಲ. ಒಂದು ಮಿಲಿಮೀಟರಿನ ತೆಳು ಸೀಳುಗಳನ್ನು ಹಾಕಿದೆ. ಔಷಧಿ ಬಿಟ್ಟ ಮೇಲೆ ಸ್ವಲ್ಪ ತಡೆದು ತೆಗೆದ ಸರಣಿ ಅದು. ಎಡಗಡೆಯ ಪಕ್ಕೆಲುಬಿನ ಕೆಳಗೆ, ಗುಲ್ಮದ ಮೇಲೆ ರೊಟ್ಟಿ ಹೊದಿಸಿದಂತೆ ಏನೋ ತೆಳ್ಳಗೆ ಹರಡಿತ್ತು. ಮೊದಲು ಅದನ್ನು ಗುಲ್ಮದ ಅಂಚು ಎಂದುಕೊಂಡಿದ್ದೆ. ಅದು ಯಕೃತ್ತಿನ ಎಡತುದಿಯ ಭಾಗ. ಗೆಡ್ಡೆ ಅದನ್ನು ತಿಂದಿರಲಿಲ್ಲ, ಹಿಂಡಿ ಮೂಲೆಗೆ ಒತ್ತಿತ್ತು. ಅದರ ರಕ್ತನಾಳ ದಾರದಷ್ಟು ಸಣ್ಣಗಾಗಿ, ಗೆಡ್ಡೆಯ ಮೈಯನ್ನು ಬಳಸಿ, ಎಲ್ಲೂ ಕಡಿಯದೆ ಹೋಗಿತ್ತು. ಹಿಂದಕ್ಕೆ ಓಡಿಸಿದೆ, ಮುಂದಕ್ಕೆ ಓಡಿಸಿದೆ. ಬೇರೆ ಕೋನದಿಂದ ಕತ್ತರಿಸಿ ನೋಡಿದೆ. ದಾರ ಹಾಗೆಯೇ ಇತ್ತು.

ನಾಲ್ಕಲ್ಲ. ಮೂರು.

ಶಹಾಪುರದ ವೈದ್ಯರು ಮೊದಲೇ ಮಾಡಿಸಿದ್ದ ರಕ್ತಪರೀಕ್ಷೆಯ ಫಲಿತಾಂಶವೂ ಅಷ್ಟರಲ್ಲಿ ಬಂದಿತ್ತು. ಈ ಕ್ಯಾನ್ಸರಿನ ಕೋಶಗಳು ರಕ್ತಕ್ಕೆ ಬಿಡುವ ಎ.ಎಫ್.ಪಿ. ಎಂಬ ವಸ್ತು, ಯಂತ್ರ ಅಳೆಯಬಲ್ಲ ಮಿತಿಯನ್ನೂ ದಾಟಿತ್ತು. ಕೇಳಿದರೆ ಭಯವಾಗುತ್ತದೆ, ಆದರೆ ಇಲ್ಲಿ ತೀರ ಕಡಿಮೆ ಇರುವುದೇ ಕೆಟ್ಟ ಲಕ್ಷಣ. ಇದನ್ನು ಬಿಡುವ ಗೆಡ್ಡೆಗಳು ಹೆಚ್ಚಾಗಿ ಔಷಧಿಗೆ ಬಗ್ಗುತ್ತವೆ.

ಹೈದರಾಬಾದಿನಲ್ಲಿ ಮಕ್ಕಳ ಕ್ಯಾನ್ಸರ್ ಶಸ್ತ್ರಚಿಕಿತ್ಸೆ ಮಾಡುವ ಒಬ್ಬ ಹಿರಿಯ ವೈದ್ಯೆ ನನಗೆ ಪರಿಚಯ. ಚಿತ್ರಗಳನ್ನು ಕಳಿಸಿದೆ. ಒಂದು ಗಂಟೆಯಲ್ಲಿ ಫೋನ್ ಬಂತು. ಎಡತುದಿ ಸ್ವಚ್ಛವಾಗಿದೆ, ಔಷಧಿ ಕೊಟ್ಟು ಕುಗ್ಗಿಸಿದರೆ ಉಳಿದ ಮೂರು ಭಾಗ ತೆಗೆಯಬಹುದು, ಎಂದರು. ಆಮೇಲೆ ಕೇಳಿದರು: “ಮಗು ಎಲ್ಲಿದೆ?”

ನಾಲ್ಕು ದಿನದಲ್ಲಿ ಆ ಪ್ರಶ್ನೆಯನ್ನು ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಸೆಂಟರಿನ ಮಾಲೀಕರಿಗೆ ಹೇಳಿದೆ. ಅವರೂ ವೈದ್ಯರೇ. “ಕೇಸ್ ಮುಗಿಯೋತನಾ ಬಾಯಿ ಬಿಡಬ್ಯಾಡ್ರಿ,” ಎಂದರು. “ನೀವು ತಪ್ಪು ಅಂತ ಬರದುಕೊಟ್ರ ಅವ ಹೊರಗ ಬರ್ತಾನ, ನೀವು ಒಳಗ ಹೋಗ್ತೀರಿ. ಹುಡುಗನ ಕಣ್ಣಿಗೆ ಯಾರು ಜವಾಬು?”

ಕೊನೆಯ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಮರುದಿನ ಶಹಾಪುರದಲ್ಲಿ ಟೆಕ್ನಿಷಿಯನ್‌ನ ಮನೆಗೆ ಹೋದೆ. ಕಲಬುರಗಿಯಿಂದ ಆಗಷ್ಟೇ ಕರೆತಂದಿದ್ದರು. ಅರ್ಧ ಮುಖಕ್ಕೆ ಪಟ್ಟಿ. ಚಾಪೆಯ ಮೇಲೆ ಗೋಡೆಗೊರಗಿ ಕೂತಿದ್ದ. ನಾನು ಸುತ್ತಿ ಬಳಸದೆ ಹೇಳಿದೆ. ತಪ್ಪಾಗಿ ಓದಿದ್ದೆ, ಮಗುವಿಗೆ ಬದುಕುವ ಅವಕಾಶ ಇದೆ, ಹೋಗಿ ಹೇಳಬೇಕು ಎಂದೆ.

ಅವನು ಕೈಗೆ ಸಿಕ್ಕ ಸ್ಟೀಲಿನ ಲೋಟವನ್ನು ಎದುರುಗೋಡೆಗೆ ಬೀಸಿ ಒಗೆದ. ನೀರು ನನ್ನ ಸೀರೆಯ ಮೇಲೆ ಬಿತ್ತು. ಅವನ ತಾಯಿ ಒಳಗಿನಿಂದ ಓಡಿ ಬಂದರು.

“ನಿಮ್ಮ ಒಂದು ನಂಬರ್‌ಗೆ ನನ್ನ ಕಣ್ಣು ಹೋಗ್ಯಾದ ಮೇಡಮ್,” ಎಂದ. “ಈ ಕಣ್ಣಿಲೇ ನಾ ನರ ಹುಡುಕತಿದ್ದೆ. ಗೊತ್ತದ ಇಲ್ಲ ನಿಮಗ?”

“ಗೊತ್ತದ.”

“ಮತ್ತ ಅವನ ಮನಿಗೇ ಹೋಗಾಕತ್ತೀರಿ.”

“ಅವನ ಮನಿಗಲ್ಲ. ಕೂಸಿನ ಕಡೆ.”

“ಎರಡೂ ಒಂದೇ.”

ನಾನು ಎದ್ದು ಬಾಗಿಲ ತನಕ ಬಂದೆ. ಹಿಂದಿನಿಂದ ಅವನು ಹೇಳಿದ: “ರಜಿಸ್ಟರ್‌ನ್ಯಾಗ ತಾಯಿ ನಂಬರ್ ಬರಸಿಕೊಂಡೀನಿ. ಗಂಡನ ಫೋನ್ ಪೊಲೀಸ್ರ ಹತ್ರ ಅದ, ಹತ್ತಂಗಿಲ್ಲ. ತಾಯಿದು ಹಚ್ಚಿ ನೋಡ್ರಿ.” ಮುಖ ಮಾತ್ರ ಗೋಡೆಯ ಕಡೆಗಿತ್ತು.

ತಾಯಿಯ ಫೋನ್ ಸ್ವಿಚ್ ಆಫ್ ಆಗಿತ್ತು. ಆರನೇ ದಿನ ಬೆಳಿಗ್ಗೆ ಕಾರು ಮಾಡಿಕೊಂಡು ದೇವಾಪುರಕ್ಕೆ ಹೊರಟೆ. ಪೊಲೀಸರಿಗೆ ಹೇಳಲಿಲ್ಲ; ಹೇಳಿದ್ದರೆ ಜೊತೆಗೆ ಬರುತ್ತಿದ್ದರು, ಅವರನ್ನು ಕಂಡರೆ ಆ ಮನೆಯ ಬಾಗಿಲು ತೆರೆಯುತ್ತಿರಲಿಲ್ಲ. ಸುರಪುರ ದಾಟಿದ ಮೇಲೆ ಎರಡು ಕಡೆಯೂ ಕಾಲುವೆ ನೀರಿನ ಭತ್ತದ ಗದ್ದೆಗಳು. ಹೆದರಿಕೆಗೆ ಒಂದು ಕಡೆ ಕಾರು ನಿಲ್ಲಿಸಲು ಹೇಳಿ ವಾಂತಿ ಮಾಡಿಕೊಂಡೆ.

ಮನೆಯ ಮುಂದೆ ಮಗುವಿನ ದೊಡ್ಡಪ್ಪ ನಿಂತಿದ್ದ. ನನ್ನ ಕೈಯ ಪ್ಲಾಸ್ಟರ್ ನೋಡಿ ಗುರುತು ಹಿಡಿದ. ಬಂದವನೇ ಕುತ್ತಿಗೆಯ ಬಳಿ ಸೀರೆ ಸೆರಗು ಹಿಡಿದು ಕಾರಿಗೆ ಒತ್ತಿದ.

“ನಮ್ಮ ತಮ್ಮನ ಜೇಲಿಗೆ ಹಾಕಿಸಿ ಮತ್ತೇನು ನೋಡಾಕ ಬಂದೀ?”

“ಕೂಸಿನ ಚಿತ್ರ ನಾ ತಪ್ಪು ಓದಿದ್ದೆ,” ಎಂದೆ. ಕಾರಿನ ಬಾಗಿಲಿನ ಹಿಡಿಕೆ ಬೆನ್ನಿಗೆ ಚುಚ್ಚುತ್ತಿತ್ತು. “ಉಳೀಬಹುದು ಅಂತ ಹೇಳಾಕ ಬಂದೀನಿ. ಆಮ್ಯಾಗ ಹೊಡೀರಿ.”

ಒಳಗಿನಿಂದ ಮಗುವಿನ ಅವ್ವ ಬಂದಳು. ಇಪ್ಪತ್ತೆರಡು ಇಪ್ಪತ್ಮೂರರ ಹೆಣ್ಣು. ಇನ್ನೊಮ್ಮೆ ಹೇಳಲು ಹೇಳಿದಳು. ಹೇಳಿದೆ. ಅವಳು ಒಂದು ಹೆಜ್ಜೆ ಮುಂದೆ ಬಂದು ನನ್ನ ಕೆನ್ನೆಗೆ ಬಾರಿಸಿದಳು. ಬಳೆ ಒಡೆದು ನನ್ನ ಕಿವಿಯ ಬಳಿ ಗೀರಿತು. ಆಮೇಲೆ ದೊಡ್ಡಪ್ಪನಿಗೆ, “ಬಿಡ್ರಿ ಆಕಿನ್ನ,” ಎಂದಳು. ನನಗೆ, “ಬರ್ರಿ ಒಳಗ,” ಎಂದಳು.

ಮಗು ಕೌದಿಯ ಮೇಲೆ ಮಲಗಿತ್ತು. ಹೊಟ್ಟೆಯ ಮೇಲೆ ಮೂರು ಬರೆ. ಹಿಂದಿನ ದಿನ ಪಕ್ಕದ ಊರಿನಿಂದ ಒಬ್ಬ ಮುದುಕನನ್ನು ಕರೆಸಿ, ಕುಡುಗೋಲಿನ ತುದಿ ಕಾಯಿಸಿ ಹಾಕಿಸಿದ್ದರು. ಒದ್ದಾಡುತ್ತದೆಂದು ನಾಲ್ಕು ಜನ ಕೈಕಾಲು, ಹೊಟ್ಟೆ ಅದುಮಿ ಹಿಡಿದಿದ್ದರಂತೆ. ಚರ್ಮ ಸುಟ್ಟು, ಅಂಚು ಕರಿಯಾಗಿ, ನಡುವೆ ನೀರು ಒಸರುತ್ತಿತ್ತು. ಆದರೆ ಅದಕ್ಕಿಂತ ಕೆಟ್ಟದ್ದು ಬೇರೆ ಇತ್ತು. ಮಗುವಿನ ತುಟಿ ಬೂದಿ ಬಣ್ಣಕ್ಕಿತ್ತು. ಅಂಗೈಯಲ್ಲಿ ರಕ್ತವೇ ಇಲ್ಲ. ಹೊಟ್ಟೆ ಆ ದಿನಕ್ಕಿಂತ ಉಬ್ಬಿ ಬಿಗಿದಿತ್ತು. ನಾಡಿ ಎಣಿಸಲಾಗದಷ್ಟು ವೇಗ. ಈ ಸಲ ಒತ್ತಿದರೂ ಕಚ್ಚಲಿಲ್ಲ.

“ಗಡ್ಡಿ ಒಳಗ ಒಡದದ,” ಎಂದೆ. “ರಕ್ತ ಹೊಟ್ಟ್ಯಾಗ ಸೋರಾಕತ್ತದ. ಈಗ ಹೊಂಡಬೇಕು ತಂಗಿ. ಈಗೇ.”

ದೊಡ್ಡಪ್ಪ ಬಾಗಿಲಿಗೆ ಅಡ್ಡ ನಿಂತ. “ಒಮ್ಮೆ ಒಯ್ದು ಏನಾತು ನೋಡಿದ್ವಿ. ಸಾಯೋದಿದ್ರ ಮನ್ಯಾಗ ಸಾಯಲಿ.”

ಅವ್ವ ಮಗುವನ್ನು ಕೌದಿ ಸಮೇತ ಎತ್ತಿದಳು. “ಸರೀರಿ ಭಾವಾ.” ಅವನು ಸರಿಯಲಿಲ್ಲ. ಅವಳು ಮೂಲೆಯಲ್ಲಿದ್ದ ಒನಕೆಯ ಮೇಲೆ ಕೈಹಾಕಿದಳು. “ಸರೀದಿದ್ರ ನಿಮ್ಮ ತಲಿ ಒಡೀತೀನಿ ನೋಡ್ರಿ,” ಎಂದಳು. ದನಿ ಏರಿರಲಿಲ್ಲ. ಅವನು ಸರಿದ.

ಸುರಪುರದ ಆಸ್ಪತ್ರೆಯಲ್ಲಿ ನರ್ಸ್ ಎರಡು ಕೈ, ಎರಡು ಕಾಲು ಹುಡುಕಿದರೂ ನರ ಸಿಗಲಿಲ್ಲ. ಕೊನೆಗೆ ಕರ್ತವ್ಯದಲ್ಲಿದ್ದ ವೈದ್ಯರು ಮೊಣಕಾಲಿನ ಕೆಳಗೆ ಎಲುಬಿಗೇ ದಪ್ಪ ಸೂಜಿ ತಿರುವಿ ಇಳಿಸಿ ಸಲೈನ್ ಬಿಟ್ಟರು. ಎಲುಬು ಕೊರೆಯುವ ಕರಕರ ಸದ್ದಿಗೆ ಅವ್ವ ತನ್ನ ಮುಂಗೈಯನ್ನು ತಾನೇ ಕಚ್ಚಿಕೊಂಡಳು. ಎಡಗೈಯಲ್ಲಿ ಅಲ್ಟ್ರಾಸೌಂಡ್ ಹಿಡಿದು ನೋಡಿದೆ. ಯಕೃತ್ತಿನ ಸುತ್ತ ಕಪ್ಪು ದ್ರವ, ಕಿಬ್ಬೊಟ್ಟೆಯ ತನಕ. ಆಂಬುಲೆನ್ಸ್ ಹತ್ತಿದೆವು. ಯಾದಗಿರಿಯಲ್ಲಿ ರಕ್ತ ಸಿದ್ಧವಾಗಿತ್ತು. ರಕ್ತ ಹರಿಯುತ್ತಿದ್ದಂತೆಯೇ ಗುರುಮಠಕಲ್ ಮೇಲೆ ಹೈದರಾಬಾದಿಗೆ ಓಡಿದೆವು. ದಾರಿಯಲ್ಲಿ ಒಮ್ಮೆ ಉಸಿರು ನಿಂತಂತಾಯಿತು. ಆಂಬುಲೆನ್ಸಿನ ನರ್ಸ್ ಬಾಯಿ ಮೂಗಿಗೆ ರಬ್ಬರ್ ಚೀಲ ಹಿಡಿದು ಗಾಳಿ ಒತ್ತಿದ. ರಸ್ತೆಯ ಹೊಂಡಕ್ಕೆ ಗಾಡಿ ಎಗರಿದಾಗಲೆಲ್ಲ ಅವ್ವ ಮಗುವಿನ ಹೊಟ್ಟೆಯ ಮೇಲೆ ಎರಡೂ ಅಂಗೈ ಹರಡಿ, ಮುಟ್ಟದೆ, ಒಂದಂಗುಲ ಮೇಲೆ ಹಿಡಿಯುತ್ತಿದ್ದಳು.

ಹೈದರಾಬಾದಿನಲ್ಲಿ ತೊಡೆಯ ರಕ್ತನಾಳದಿಂದ ಸಣ್ಣ ನಳಿಗೆ ಹಾಯಿಸಿ, ಗೆಡ್ಡೆಗೆ ರಕ್ತ ಒಯ್ಯುವ ಕವಲನ್ನು ಮುಚ್ಚಿದರು. ಸೋರುವುದು ನಿಂತಿತು. ಹೊಸ ವರದಿ ಬರೆಯಬೇಕಿತ್ತು. ಫೋನಿನಲ್ಲಿ ಮಾತಾಡಿದ್ದ ಆ ಶಸ್ತ್ರಚಿಕಿತ್ಸಕಿ ನನಗೇ ಬರೆಯಲು ಹೇಳಿದರು. ಗುಂಪು ಮೂರು ಎಂದು ಬರೆದೆ. ಅದರ ಮುಂದೆ, ಒಡೆದಿದೆ ಎನ್ನುವ ಅಕ್ಷರ ಸೇರಿಸಿದೆ. ಆ ಒಂದು ಅಕ್ಷರದಿಂದ ಮಗು ಹೆಚ್ಚಿನ ಅಪಾಯದ ಸಾಲಿಗೆ ಹೋಯಿತು. ಔಷಧಿಯ ಪ್ರಮಾಣ ಹೆಚ್ಚಾಯಿತು. ಬರೆಯಿಂದ ಒಡೆಯಿತೋ, ಅದುಮಿ ಹಿಡಿದದ್ದರಿಂದಲೋ, ತಾನಾಗಿಯೋ ಹೇಳಲಾರೆ. ಮೊದಲ ದಿನವೇ ಸರಿಯಾಗಿ ಓದಿದ್ದರೆ ಮಗು ಆ ಕೌದಿಯ ಮೇಲೆ ಇರುತ್ತಿರಲಿಲ್ಲ ಎಂಬುದನ್ನಷ್ಟೇ ಹೇಳಬಲ್ಲೆ.

ಸೂಜಿಯಿಂದ ತೆಗೆದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಇನ್ನೊಂದು ವರ್ಗ ಕೊಟ್ಟರು. ಭ್ರೂಣದ ಯಕೃತ್ತಿನಂಥ ಕೋಶಗಳು, ಅದಕ್ಕೂ ಎಳೆಯ ಕೋಶಗಳು, ನಡುವೆ ಎಲುಬಿನ ಕಣಗಳಂಥವು: ಮಿಶ್ರ ಬಗೆ. ಔಷಧಿ ಶುರುವಾಯಿತು. ಮಗು ವಾಂತಿ ಮಾಡಿತು, ಕೂದಲು ಉದುರಿತು, ಬಾಯಿ ಹುಣ್ಣಾಗಿ ನೀರು ಕುಡಿಯಲೂ ಕಿರುಚಿತು.

ನಾನು ಹೇಳಿಕೆ ಬದಲಿಸಿ ಬರೆದೆ. ಅವನು ನನ್ನನ್ನು ಹೊಡೆದದ್ದು ನಿಜ, ಟೆಕ್ನಿಷಿಯನ್‌ನ ಕಣ್ಣು ಹೋದದ್ದು ಅವನ ಏಟಿನಿಂದ, ನನ್ನ ವರದಿ ತಪ್ಪಾಗಿತ್ತು, ಸ್ಟೇಜ್ ಎಂಬ ತಪ್ಪು ತಿಳಿವಳಿಕೆಯನ್ನು ನಾನು ಸರಿಪಡಿಸಲಿಲ್ಲ. ನಾಲ್ಕೂ ಸಾಲು ಒಂದರ ಕೆಳಗೊಂದು. ಮಾಲೀಕರು ನನ್ನನ್ನು ಮೂರು ತಿಂಗಳು ಕೆಲಸಕ್ಕೆ ಬರಬೇಡಿ ಎಂದರು. ಸೆಂಟರಿನ ಹತ್ತಿರ ಸುಳಿಯಬಾರದು, ಟೆಕ್ನಿಷಿಯನ್‌ನನ್ನು ಭೇಟಿಯಾಗಬಾರದು ಎಂಬ ಷರತ್ತಿನ ಮೇಲೆ ಅಪ್ಪನಿಗೆ ಜಾಮೀನಾಯಿತು.

ಅವನು ನೇರ ಹೈದರಾಬಾದಿನ ವಾರ್ಡಿಗೆ ಬಂದ. ನಾನು ಅಂದು ಅಲ್ಲಿದ್ದೆ. ಬೋಳುತಲೆಯ ಮಗುವನ್ನು ನೋಡಿ ಬಾಗಿಲಲ್ಲೇ ನಿಂತ. ಆಮೇಲೆ ನನ್ನ ಕೈ ನೋಡಿದ.

“ಮುರದದೇನ್ರಿ?”

“ಎರಡು ಕಡಿ.”

“ನಮ್ಮಣ್ಣ ಎಲ್ಲಾ ಹೇಳ್ಯಾನ.” ಸ್ವಲ್ಪ ತಡೆದು, “ಮದಲೇ ಮೂರು ಅಂದಿದ್ರ ನಾ ಕೈ ಎತ್ತತಿದ್ದಿಲ್ರಿ,” ಎಂದ.

ನನ್ನೊಳಗೆ ಏನೋ ಭುಗಿಲೆದ್ದಿತು. “ನಾ ಎಷ್ಟಂದ್ರೂ ನೀ ಕೈ ಎತ್ತಬಾರದಿತ್ತು,” ಎಂದೆ. “ನನ್ನ ತಪ್ಪು ನಾ ಬರದು ಕೊಟ್ಟೀನಿ. ನಿಂದು ನೀ ಹೇಳು. ಆ ಹುಡುಗ ನಿನ್ನ ಕೂಸು ಜೀವಂತ ಅದ ಅಂತ ಹೇಳಾಕ ಓಡಿ ಬಂದಿದ್ದ.”

ಕಿಡಿ ಸುಟ್ಟ ಅವನ ಕೈಗಳು ಮಂಚದ ಸರಳನ್ನು ಹಿಡಿದು ಹಿಂಡುತ್ತಿದ್ದವು.

ಕೆಲವು ತಿಂಗಳ ಔಷಧಿಯ ನಂತರ ಮತ್ತೆ ಸ್ಕ್ಯಾನ್ ಆಯಿತು. ಗೆಡ್ಡೆ ಅರ್ಧಕ್ಕಿಂತ ಕುಗ್ಗಿತ್ತು. ಶಸ್ತ್ರಚಿಕಿತ್ಸೆಯ ದಿನ ನನ್ನನ್ನು ಒಳಗೆ ನಿಲ್ಲಲು ಬಿಟ್ಟರು. ಪಕ್ಕೆಲುಬನ್ನು ಉಕ್ಕಿನ ಕೊಕ್ಕೆಗಳಿಂದ ಎಳೆದು ಹಿಡಿದಿದ್ದರು. ಸುಟ್ಟ ಮಾಂಸದ ಹೊಗೆ. ನಡುವಿನ ದೊಡ್ಡ ನಾಳದ ಬಳಿ ಒಮ್ಮೆ ಕೈ ಜಾರಿ ರಕ್ತ ಚಿಮ್ಮಿತು. ದೀಪದ ಗಾಜಿನ ತನಕ ಹಾರಿತು. ಶಸ್ತ್ರಚಿಕಿತ್ಸಕಿ ಬೆರಳಿನಿಂದಲೇ ಅದನ್ನು ಒತ್ತಿ ಹಿಡಿದು, ಬೈಯುತ್ತ, ಹೊಲಿಗೆ ಹಾಕಿದರು. ಸಂಜೆಯ ಹೊತ್ತಿಗೆ ಮೂರು ಭಾಗ ಹೊರಬಂದು ತಟ್ಟೆಗೆ ಬಿದ್ದವು. ಒಳಗೆ ಉಳಿದದ್ದು ಮಗುವಿನ ಅಂಗೈಗಿಂತ ಸ್ವಲ್ಪ ದೊಡ್ಡದಾದ ಒಂದು ಕೆಂಪು ತುಂಡು.

“ನೀವು ಇಲ್ಲ ಅಂತ ಬರೆದದ್ದು ಇದನ್ನೇ,” ಎಂದರು ಅವರು.

ಅದಾಗಿ ಎರಡು ವರ್ಷವಾಯಿತು. ಆ ತುಂಡು ಬೆಳೆದು ಜಾಗ ತುಂಬಿದೆ. ಔಷಧಿಯ ಹೊಡೆತಕ್ಕೆ ಮಗುವಿನ ಕಿವಿ ಮಂದವಾಗಿದೆ; ಎರಡೂ ಕಿವಿಗೆ ಯಂತ್ರ ಹಾಕಿಕೊಂಡು ಶಾಲೆಗೆ ಹೋಗುತ್ತಾಳೆ. ಕೇಸು ಯಾದಗಿರಿಯ ನ್ಯಾಯಾಲಯದಲ್ಲಿ ಇನ್ನೂ ನಡೆಯುತ್ತಿದೆ. ನಾನು ಮತ್ತೆ ಅದೇ ಸೆಂಟರಿನಲ್ಲಿ ಇದ್ದೇನೆ. ಈಗ ಯಾರು ಕಾಯುತ್ತಿದ್ದರೂ ಕುರ್ಚಿ ತಿರುಗಿಸಿ, ಎದುರಿಗಿದ್ದವರ ಮುಖ ನೋಡಿ ಹೇಳುತ್ತೇನೆ.

ಟೆಕ್ನಿಷಿಯನ್ ಕೂಡ ಕೆಲಸಕ್ಕೆ ಮರಳಿದ್ದಾನೆ, ಎಡಗಡೆ ಗಾಜಿನ ಕಣ್ಣು. ಮಕ್ಕಳಿಗೆ ಸೂಜಿ ಹಾಕುವುದನ್ನು ಬಿಟ್ಟಿದ್ದಾನೆ. ಆಳದ ಅಂದಾಜು ಸಿಗುವುದಿಲ್ಲ ಎನ್ನುತ್ತಾನೆ.

ಕಳೆದ ತಿಂಗಳು ತಪಾಸಣೆಯ ಸ್ಕ್ಯಾನಿಗೆ ಅವ್ವ ಮಗುವನ್ನು ಕರೆದುಕೊಂಡು ಬಂದಿದ್ದಳು. ಟೆಕ್ನಿಷಿಯನ್ ಇಲ್ಲದ ದಿನ ಕೊಡಬಹುದಿತ್ತು, ಅವನೇ ಬೇಡ ಎಂದ. ಹೊರಗೆ ಬಂದು ಹೆಸರು ಕೂಗಿದ. ಮಗುವಿಗೆ ಕೇಳಿಸಲಿಲ್ಲ. ಹತ್ತಿರ ಹೋಗಿ ಭುಜ ಮುಟ್ಟಿದ. ಅವಳು ತಿರುಗಿ ಅವನ ಎಡಗಣ್ಣನ್ನೇ ನೋಡುತ್ತ, “ಇದು ಯಾಕ ಅಳ್ಯಾಡಂಗಿಲ್ಲ?” ಎಂದು ಕೇಳಿದಳು. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ಪೆಟ್ಟು ಬಿದ್ದದ,” ಎಂದ ಅವನು. ಅವಳನ್ನು ಎತ್ತಿ ಯಂತ್ರದ ಹಲಗೆಯ ಮೇಲೆ ಮಲಗಿಸಿ ಪಟ್ಟಿ ಕಟ್ಟಿದ.

ಸ್ಕ್ಯಾನ್ ಸ್ವಚ್ಛವಾಗಿತ್ತು. ಹೊರಡುವಾಗ ಅವ್ವ ನನ್ನ ಹತ್ತಿರ ಬಂದು, ಗಂಡ ದೂರದ ಸರ್ಕಲ್‌ನಲ್ಲಿ ನಿಂತಿದ್ದಾನೆ, ಕೋರ್ಟಿನ ಅಪ್ಪಣೆ ಕೇಳಿ ಟೆಕ್ನಿಷಿಯನ್‌ನನ್ನು ಒಮ್ಮೆ ಕಂಡು ಕಾಲು ಹಿಡಿಯಬೇಕು ಅನ್ನುತ್ತಾನೆ ಎಂದಳು. ನಾನು ಒಳಗೆ ಹೋಗಿ ಅವನಿಗೆ ಹೇಳಿದೆ.

ಅವನು ಹಲಗೆಯ ಮೇಲಿನ ಹಾಸಿಗೆ ಬದಲಿಸುತ್ತಿದ್ದ. ಮುಗಿಸಿ, ಅಂಚು ಸರಿಯಾಗಿ ಎಳೆದು, “ಕಾಲು ಹಿಡಿಯೋದು ಬ್ಯಾಡ,” ಎಂದ. “ಮುಂದಿನ ತಾರೀಖಿಗೆ ಸಾಕ್ಷಿ ಕಟಕಟ್ಯಾಗ ನಾ ನಿಂದರ್ತೀನಿ. ನಾ ಹೇಳೂವಾಗ ತಲಿ ಎತ್ತಿ ನನ್ನ ಮುಖ ನೋಡಂತ ಹೇಳ್ರಿ.”

ಆಮೇಲೆ ಬಾಗಿಲು ತೆರೆದು ಮುಂದಿನವರ ಹೆಸರು ಕೂಗಿದ.